ನಮ್ಮ ಕಾರು, ಎದುರಿನವರ ಕಣ್ಣು

ಕಾರಿನ ಹೆಡ್‌ಲೈಟ್ ಬಲ್ಬ್ ಬದಲಿಸಲು ಇಪ್ಪತ್ತು ನಿಮಿಷ ಸಾಕು. ಬಾನೆಟ್ ಎತ್ತಿ, ಹಿಂದಿನ ಪ್ಲಗ್ ಕಿತ್ತು, ರಬ್ಬರ್ ಮುಚ್ಚಳ ತೆಗೆದು, ತಂತಿಯ ಕ್ಲಿಪ್ ಒತ್ತಿದರೆ ಹಳೆಯ ಬಲ್ಬ್ ಕೈಗೆ ಬರುತ್ತದೆ. ಹೊಸದನ್ನು ಕೂರಿಸಿ ಅದೇ ಕ್ರಮದಲ್ಲಿ ಮುಚ್ಚಿದರೆ ಮುಗಿಯಿತು. 2023ರ ದೀಪಾವಳಿಗೆ ಊರಿಗೆ ಹೊರಡುವ ಮುಂಚಿನ ಭಾನುವಾರ, ಪಿಂಪ್ರಿ-ಚಿಂಚ್‌ವಾಡದ ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ನಾನು ಮಾಡಿದ್ದು ಇಷ್ಟೇ. ಕಂಪನಿಯಿಂದ ಬಂದ ಹಳದಿ ಬೆಳಕಿನ ಹ್ಯಾಲೊಜೆನ್ ಬಲ್ಬ್ ತೆಗೆದು, ಆನ್‌ಲೈನಲ್ಲಿ ತರಿಸಿದ ಬಿಳಿ ಎಲ್‌ಇಡಿ ಬಲ್ಬ್ ಹಾಕಿದೆ. ಎದುರಿನ ಗೋಡೆ ಹಗಲಿನ ಹಾಗೆ ಬೆಳಗಿತು. ಮಗ ಚಪ್ಪಾಳೆ ತಟ್ಟಿದ. ಸೊಸೈಟಿಯ ಇಬ್ಬರು ಬಂದು ಎಲ್ಲಿ ತರಿಸಿದಿರಿ, ಎಷ್ಟಾಯಿತು ಎಂದು ಕೇಳಿದರು.

ಆ ಇಪ್ಪತ್ತು ನಿಮಿಷದ ಕೆಲಸದ ಬಗ್ಗೆ ಇವತ್ತು ಬರೆಯಬೇಕಾಗಿದೆ. ನಮ್ಮ ಕಾರಿನ ಹೊರಮೈಯಲ್ಲಿ ನಾವೇ ಏನು ಮಾಡಿಕೊಳ್ಳಬಹುದು, ಎಲ್ಲಿ ಕೈ ಹಿಂದೆ ತೆಗೆಯಬೇಕು ಎನ್ನುವುದನ್ನು ನಾನು ಕಲಿತದ್ದು ಅಲ್ಲಿಂದ. ಕಲಿಕೆಯ ಬೆಲೆ ಕೊಟ್ಟವನು ಮಾತ್ರ ನಾನಲ್ಲ.

ಮೊದಲು ನಮ್ಮಂಥವರಿಗೆ ಈ ಚಟ ಏಕೆ ಹತ್ತುತ್ತದೆ ಎಂದು ಹೇಳುತ್ತೇನೆ. ಊರಲ್ಲಿದ್ದರೆ ಪರಿಚಯದ ಗ್ಯಾರೇಜ್ ಇರುತ್ತದೆ. ಮೆಕ್ಯಾನಿಕ್ ಅಪ್ಪನಿಗೆ ಗೊತ್ತಿರುವವನೇ. ಪುಣೆ, ಮುಂಬೈ, ಹೈದರಾಬಾದಿನಲ್ಲಿ ಹಾಗಲ್ಲ. ಸರ್ವಿಸ್ ಸೆಂಟರಿನಲ್ಲಿ ಒಂದು ಮಡ್‌ಫ್ಲ್ಯಾಪ್ ಹಾಕಿಸಲು ಕೇಳುವ ಮಜೂರಿ ಕೇಳಿದರೆ ನಾವೇ ಹಾಕಿಕೊಳ್ಳೋಣ ಎನಿಸುತ್ತದೆ. ಮೊಬೈಲ್ ತೆರೆದರೆ ಎಲ್ಲದಕ್ಕೂ ವಿಡಿಯೊ ಇದೆ, ಎಲ್ಲ ಸಾಮಾನೂ ಮನೆ ಬಾಗಿಲಿಗೆ ಬರುತ್ತದೆ. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯಲು ಮಾಲೀಕರನ್ನು ಕೇಳಬೇಕು. ಕಾರಿಗೆ ಯಾರನ್ನೂ ಕೇಳಬೇಕಿಲ್ಲ. ಪರವೂರಿನಲ್ಲಿ ಪೂರ್ತಿ ನಮ್ಮದು ಎಂದು ಹೇಳಿಕೊಳ್ಳಬಹುದಾದದ್ದು ಅದೊಂದೇ. ಅದಕ್ಕೆ ಭಾನುವಾರ ಬಂತೆಂದರೆ ಕೈ ತುರಿಸುತ್ತದೆ.

ನನ್ನದು ಅಪ್ಪನ ಕಾರು. 2014ರ ಮಾಡೆಲ್. ಅವರಿಗೆ ಓಡಿಸಲು ಆಗದೆ ಹೋದಾಗ 2021ರಲ್ಲಿ ಇಲ್ಲಿಗೆ ತಂದೆ. ಏಳೆಂಟು ವರ್ಷ ಹಾವೇರಿಯ ಬಿಸಿಲಲ್ಲಿ ನಿಂತ ಕಾರು. ಬಂಪರಿನ ಕಪ್ಪು ಪ್ಲಾಸ್ಟಿಕ್ ಬೂದಿ ಬಣ್ಣಕ್ಕೆ ತಿರುಗಿತ್ತು, ಹೆಡ್‌ಲೈಟಿನ ಮೇಲ್ಮೈ ಮಬ್ಬಾಗಿತ್ತು. ರಾತ್ರಿ ಖಂಬಾಟ್ಕಿ ಘಾಟ್ ಇಳಿಯುವಾಗ ರಸ್ತೆಯೇ ಕಾಣುತ್ತಿರಲಿಲ್ಲ. ಬೆಳಕು ಸಾಲುತ್ತಿಲ್ಲ, ಹಾಗಾದರೆ ಜೋರಾದ ಬಲ್ಬ್ ಹಾಕಬೇಕು. ನನ್ನ ಲೆಕ್ಕ ಇಷ್ಟು ಸರಳವಾಗಿತ್ತು.

ನಾನು ಚಾಕಣ್‌ನ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ವಿಭಾಗದ ಎಂಜಿನಿಯರ್. ವಾಹನಗಳ ಬಿಡಿಭಾಗ ಅಳೆಯುವುದೇ ಕೆಲಸ. ಅರ್ಧ ಮಿಲಿಮೀಟರ್ ಹೆಚ್ಚುಕಮ್ಮಿಯಾದರೆ ಇಡೀ ಲಾಟ್ ವಾಪಸ್ ಕಳಿಸುತ್ತೇನೆ. ಅಂಥವನು ಸ್ವಂತ ಕಾರಿನ ಬಲ್ಬ್ ಹಾಕುವಾಗ ಒಂದೇ ಒಂದು ಅಳತೆಯನ್ನೂ ನೋಡಲಿಲ್ಲ.

ಬೆಳಿಗ್ಗೆ ಪುಣೆ ಬಿಟ್ಟು ಹಾವೇರಿ ತಲುಪುವಾಗ ಕತ್ತಲಾಗಿತ್ತು. ಹೆದ್ದಾರಿ ಬಿಟ್ಟು ಹಾನಗಲ್ ಕಡೆಗೆ ತಿರುಗಿದೆ. ಗೋವಿನಜೋಳದ ಸುಗ್ಗಿ. ನಮ್ಮ ಕಡೆಯವರಿಗೆ ಗೊತ್ತು, ಆ ದಿನಗಳಲ್ಲಿ ಅರ್ಧ ರಸ್ತೆ ಒಕ್ಕಲು ಕಣವಾಗಿರುತ್ತದೆ. ಕಾಳು ಹರವಿ, ಗಾಡಿಗಳು ಹತ್ತದಿರಲಿ ಎಂದು ಅಂಚಿಗೆ ಕಲ್ಲು ಸಾಲಿಟ್ಟಿರುತ್ತಾರೆ. ನನ್ನ ಹೊಸ ಬೆಳಕಿನಲ್ಲಿ ಒಂದೊಂದು ಕಲ್ಲೂ ಕಾಣುತ್ತಿತ್ತು. ಖುಷಿಯಾಗಿತ್ತು. ಎದುರಿನಿಂದ ಒಂದು ಮೊಪೆಡ್ ಬಂದದ್ದು ನೆನಪಿದೆ. ದಾಟಿದ ಮೇಲೆ ಅದೇನಾಯಿತೆಂದು ನಾನು ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಹೇಳಿದಳು, ಸೋದರಮಾವ ರಾತ್ರಿ ಗಾಡಿ ಮೇಲಿಂದ ಬಿದ್ದಿದ್ದಾರೆ, ಹೆಗಲ ಎಲುಬು ಮುರಿದಿದೆ ಅಂತ. ಹಾವೇರಿಯ ಆಸ್ಪತ್ರೆಗೆ ಹೋದೆ. ಕೈ ಜೋಳಿಗೆಯಲ್ಲಿ ಕಟ್ಟಿತ್ತು. ಹೇಗಾಯಿತೆಂದು ಕೇಳಿದೆ.

“ಯಾವನೋ ಬೆಳ್ಳನ್ನ ಲೈಟ್ ಹಾಕ್ಕೊಂಡು ಬಂದ ನೋಡಪಾ. ಕಣ್ಣಿಗೆ ಕತ್ತಲಿ ಬಂದಂಗ ಆತು. ರೋಡಿನ ಮ್ಯಾಲಿನ ಕಲ್ಲು ಕಾಣಲೇ ಇಲ್ಲ.”

ಎಲ್ಲಿ, ಎಷ್ಟು ಹೊತ್ತಿಗೆ ಎಂದು ಕೇಳಿದೆ. ಜಾಗವೂ ಹೊಂದಿತು, ಹೊತ್ತೂ ಹೊಂದಿತು. ಅದು ನನ್ನ ಕಾರೇ ಎಂಬುದಕ್ಕೆ ಸಾಕ್ಷಿ ಇಲ್ಲ. ಹಬ್ಬದ ಹೊತ್ತು, ಆ ರಸ್ತೆಯಲ್ಲಿ ಬೇರೆ ಗಾಡಿಗಳೂ ಓಡಾಡಿರುತ್ತವೆ. ಆದರೂ ಸುಮ್ಮನಿರಲು ಆಗಲಿಲ್ಲ. “ಮಾಮಾ, ಅದು ನಾನ ಇರಬೇಕು” ಎಂದೆ.

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. “ಡಿಪ್ ಹೊಡೀಬಾರದೇನೋ?”

“ಡಿಪ್‌ನಾಗ ಇತ್ತು ಮಾಮಾ.”

“ಡಿಪ್‌ನಾಗ ಹಂಗಿದ್ರ, ಅದೆಂಥಾ ಡಿಪ್ಪೋ ತಮ್ಮಾ?”

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಆಸ್ಪತ್ರೆಯ ಬಿಲ್ ಕಟ್ಟಿದೆ. ಒಂದೂವರೆ ತಿಂಗಳು ಅವರಿಗೆ ಕೈ ಎತ್ತಲು ಬರಲಿಲ್ಲ, ಜೋಳದ ರಾಶಿಯನ್ನು ಕೂಲಿಯವರಿಂದ ಮಾಡಿಸಿದರು. ಆ ಕೂಲಿಯ ಹಣ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಪುಣೆಗೆ ಮರಳುವ ಮುಂಚೆ ಆ ಬಲ್ಬುಗಳನ್ನು ಅಂಗಳದಲ್ಲೇ ಕಿತ್ತು, ಹಳೆಯವನ್ನು ಹಾಕಿಕೊಂಡು ಬಂದೆ.

ಆಮೇಲೆ ಉತ್ತರ ಹುಡುಕಿದೆ. ನನ್ನಂಥ ಕಾರುಗಳಲ್ಲಿರುವುದು ಎಚ್4 ಎಂಬ ಬಲ್ಬ್. 60/55 ವ್ಯಾಟ್. ಒಂದೇ ಗಾಜಿನೊಳಗೆ ಎರಡು ತಂತಿ ಸುರುಳಿ, ಒಂದು ಹೈ ಬೀಮ್‌ಗೆ, ಇನ್ನೊಂದು ಡಿಪ್‌ಗೆ. ಡಿಪ್‌ನ ಸುರುಳಿಯ ಕೆಳಗೆ ಬಟ್ಟಲಿನಂಥ ಪುಟ್ಟ ಲೋಹದ ತಗಡಿದೆ. ಅದು ಬೆಳಕನ್ನು ಹಿಂದಿನ ಕನ್ನಡಿಯ ಮೇಲಿನ ಅರ್ಧಕ್ಕೆ ಮಾತ್ರ ಬಿಡುತ್ತದೆ. ಕನ್ನಡಿಯ ಮೇಲ್ಭಾಗಕ್ಕೆ ಬಡಿದ ಬೆಳಕು ಕೆಳಕ್ಕೆ, ರಸ್ತೆಯ ಮೇಲೆ ಬೀಳುತ್ತದೆ. ಹಾಗಾಗಿ ಡಿಪ್‌ಗೆ ಮೇಲೆ ಒಂದು ಗೆರೆ ಎಳೆದಂತೆ ಅಂಚಿರುತ್ತದೆ. ಆ ಗೆರೆಯ ಕೆಳಗೆ ನಮ್ಮ ಬೆಳಕು, ಮೇಲೆ ಎದುರಿನವರ ಕಣ್ಣು. ಕನ್ನಡಿಯ ಬಾಗು, ಸುರುಳಿಯ ಜಾಗ, ತಗಡಿನ ಆಕಾರ ಎಲ್ಲ ಒಂದಕ್ಕೊಂದು ಲೆಕ್ಕ ಹಾಕಿ ಮಾಡಿದವು.

ನಾನು ತಂದ ಎಲ್‌ಇಡಿ ಬಲ್ಬಿನಲ್ಲಿ ಸುರುಳಿಯ ಬದಲು ಚಪ್ಪಟೆ ಪಟ್ಟಿಯ ಎರಡೂ ಬದಿಗೆ ಚಿಪ್‌ಗಳಿದ್ದವು. ಬೆಳಕು ಹುಟ್ಟುವ ಜಾಗ, ಆಕಾರ ಎರಡೂ ಬೇರೆ. ಕನ್ನಡಿಗೆ ಅದು ಗೊತ್ತಾಗುವುದಿಲ್ಲ, ಬಂದ ಬೆಳಕನ್ನು ತನ್ನ ಬಾಗಿಗೆ ತಕ್ಕಂತೆ ಎಸೆಯುತ್ತದೆ. ಗೆರೆ ಮಸುಕಾಗಿ ಬೆಳಕು ಮೇಲಕ್ಕೂ ಪಕ್ಕಕ್ಕೂ ಚೆಲ್ಲುತ್ತದೆ. “ಇದು ಬರೀ ಮೂವತ್ತು ವ್ಯಾಟ್, ಹ್ಯಾಲೊಜೆನ್‌ಗಿಂತ ಕಡಿಮೆ” ಎಂದು ನಾನೂ ವಾದಿಸಿದ್ದೆ. ಎದುರಿನವರ ಕಣ್ಣಿಗೆ ಬೇಕಾದ ಲೆಕ್ಕ ವ್ಯಾಟಿನದಲ್ಲ, ಬೆಳಕು ಎಲ್ಲಿ ಬೀಳುತ್ತದೆ ಎಂಬುದರದು. ಕಂಪನಿಯಿಂದಲೇ ಎಲ್‌ಇಡಿ ಹೆಡ್‌ಲೈಟ್ ಬರುವ ಕಾರುಗಳಲ್ಲಿ ಕನ್ನಡಿ, ಲೆನ್ಸ್ ಎಲ್ಲವನ್ನೂ ಎಲ್‌ಇಡಿಗೆಂದೇ ರೂಪಿಸಿರುತ್ತಾರೆ. ತಪ್ಪು ಎಲ್‌ಇಡಿಯದಲ್ಲ, ಒಂದರ ಮನೆಯಲ್ಲಿ ಇನ್ನೊಂದನ್ನು ಕೂರಿಸಿದ್ದರದು.

ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ಇದನ್ನೇ ಅಳತೆಯಲ್ಲಿ ಹೇಳುತ್ತದೆ. ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿಟ್ಟವರಿಗೆ ಬೆಳಕು ಕುಕ್ಕಬಾರದು. ಒಂದೂವರೆ ಮೀಟರ್ ಎಂದರೆ ಮೊಪೆಡ್ ಮೇಲೆ ಕೂತವರ ಕಣ್ಣಿನ ಆಸುಪಾಸು. ಆ ನಿಯಮ ಓದುವಾಗ ನನಗೆ ಮಾವನೇ ಕಣ್ಣೆದುರು ಬಂದರು.

ಕಾರಿನ ಹೊರಮೈಯಲ್ಲಿ ನನ್ನೊಬ್ಬನಿಗೆ ಸೇರಿದ ಭಾಗಗಳಿವೆ, ಎದುರಿನವರಿಗೂ ಸೇರಿದ ಭಾಗಗಳಿವೆ. ಎರಡನೆಯದರ ಪಟ್ಟಿ ಚಿಕ್ಕದು. ದೀಪ, ಗಾಜು, ನಂಬರ್ ಪ್ಲೇಟ್, ಬಂಪರಿನ ಮುಂಭಾಗ. ದೀಪ ಎದುರಿನವರ ಕಣ್ಣಿಗೆ ಸಂಬಂಧಿಸಿದ್ದು. ಗಾಜಿನ ಮೂಲಕವೇ ನಾನು ಅವರನ್ನು, ಅವರು ನನ್ನನ್ನು ನೋಡುವುದು. ನಂಬರ್ ಪ್ಲೇಟ್ ಇರುವುದು ಏನಾದರೂ ಆದಾಗ ನನ್ನನ್ನು ಹುಡುಕಲು. ಬಂಪರ್, ಡಿಕ್ಕಿಯಾದಾಗ ಅವರ ಮೈಗೆ ಮೊದಲು ತಾಗುವಂಥದ್ದು. ಈ ನಾಲ್ಕನ್ನು ಮನೆಯಲ್ಲಿ ಮುಟ್ಟಬೇಡಿ. ಉಳಿದದ್ದರಲ್ಲಿ ಭಾನುವಾರಗಳು ಸಾಲದಷ್ಟು ಕೆಲಸವಿದೆ.

ಕಾನೂನೂ ಹೆಚ್ಚುಕಡಿಮೆ ಇದೇ ಗೆರೆ ಎಳೆದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರ ಮೇಲೆ ಒಂದೊಂದಕ್ಕೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ನನ್ನಂತೆ ಎಲ್‌ಇಡಿ ಹಾಕಿಕೊಂಡವರಿಗೆ ಇನ್ನೊಂದು ವಿಷಯ. ಕಣ್ಣು ಕುಕ್ಕುವ ದೀಪಗಳ ಮೇಲೆ 2024ರ ಜುಲೈಯಿಂದ ಪ್ರಕರಣ ದಾಖಲಿಸುವುದಾಗಿ ಕರ್ನಾಟಕ ಪೊಲೀಸರು ಘೋಷಿಸಿದ್ದರು. ಹಬ್ಬಕ್ಕೆ ಊರಿಗೆ ಹೋಗುವಾಗ ನೆನಪಿರಲಿ.

ಬಂಪರಿನ ಮುಂದೆ ಕಟ್ಟುವ ಕಬ್ಬಿಣದ ಬುಲ್ ಗಾರ್ಡ್ ನಮ್ಮ ಕಡೆ ಇನ್ನೂ ಪ್ರತಿಷ್ಠೆಯ ವಸ್ತು. ಎಮ್ಮೆ ಅಡ್ಡ ಬಂದರೆ ಕಾರು ಉಳಿಯಲಿ ಎಂಬ ಲೆಕ್ಕ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಇದರ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆದಿದೆ. ಕಾರಣ ಎರಡು. ಈಗಿನ ಕಾರಿನ ಮುಂಭಾಗ ಡಿಕ್ಕಿಯಾದಾಗ ತಾನು ಮುದುಡಿ ಹೊಡೆತ ನುಂಗಿಕೊಳ್ಳುವಂತೆ ಮಾಡಿರುವಂಥದ್ದು. ಅದರ ಮುಂದೆ ಕಬ್ಬಿಣ ಬಿಗಿದರೆ ಹೊಡೆತ ನೇರ ಚಾಸಿಗೆ, ಅಲ್ಲಿಂದ ಒಳಗೆ ಕೂತವರಿಗೆ. ಏರ್‌ಬ್ಯಾಗ್ ಯಾವಾಗ ತೆರೆಯಬೇಕೆಂದು ನಿರ್ಧರಿಸುವ ಸೆನ್ಸರಿನ ಲೆಕ್ಕವೂ ತಪ್ಪಬಹುದು. ಇನ್ನು ಎದುರಿಗೆ ಸಿಕ್ಕಿದ್ದು ಎಮ್ಮೆಯಲ್ಲದೆ ಮನುಷ್ಯನಾದರೆ, ಬಾಗುವ ಪ್ಲಾಸ್ಟಿಕ್ ಬಂಪರಿನ ಬದಲು ಕಬ್ಬಿಣದ ಕೊಳವೆ ಬಡಿಯುತ್ತದೆ.

ಗಾಜಿನ ವಿಷಯ ಸ್ವಲ್ಪ ಗೋಜಲು. ಮುಂದಿನ, ಹಿಂದಿನ ಗಾಜುಗಳಲ್ಲಿ ಕನಿಷ್ಠ 70 ಶೇಕಡಾ, ಪಕ್ಕದವುಗಳಲ್ಲಿ 50 ಶೇಕಡಾ ಬೆಳಕು ದಾಟಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಗಾಜಿಗೆ ಫಿಲ್ಮ್ ಹಚ್ಚುವುದನ್ನೇ ನಿಲ್ಲಿಸಿತು. ನಿಯಮ ತಿದ್ದುಪಡಿಯಾದ ಮೇಲೆ, ಈ ಮಿತಿಯೊಳಗಿನ ಫಿಲ್ಮ್‌ಗೆ ಅಡ್ಡಿಯಿಲ್ಲ ಎಂದು 2024ರಲ್ಲಿ ಕೇರಳ ಹೈಕೋರ್ಟ್ ಹೇಳಿತು. ಆದರೆ ನಾಗಪುರದಲ್ಲೋ ಗುರುಗ್ರಾಮದಲ್ಲೋ ರಸ್ತೆ ಬದಿ ನಿಲ್ಲಿಸಿದ ಪೊಲೀಸರ ಮುಂದೆ ಕೇರಳದ ತೀರ್ಪು ವಾದಿಸುವ ಪಾಡು ನಮ್ಮದಾಗುತ್ತದೆ. ಬಿಸಿಲಿಗೆ ಮಡಚುವ ಪರದೆ ಸಾಕು, ನಿಲ್ಲಿಸಿದಾಗ ಹಾಕಿ, ಓಡಿಸುವಾಗ ತೆಗೆಯಿರಿ.

ನಂಬರ್ ಪ್ಲೇಟಿನ ಮಾತು ಹೊರನಾಡಿನ ನಮಗೆ ಸ್ವಲ್ಪ ನೋವಿನದು. ಒಂದು ರಾಜ್ಯದಲ್ಲಿ ನೋಂದಣಿಯಾದ ಕಾರನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರ್ ಪಡೆಯಬೇಕು. 2022ರಲ್ಲಿ ಎನ್‌ಒಸಿ ತಂದು, ಇಲ್ಲಿ ತೆರಿಗೆ ಕಟ್ಟಿ, ಕೆಎ-27 ತೆಗೆದು ಎಂಎಚ್-14 ಹಾಕಿಸಿದೆ. ಹಳೆಯ ಪ್ಲೇಟ್ ಬಿಚ್ಚಿದ ದಿನ ಅಪ್ಪನಿಗೆ ಫೋನ್‌ನಲ್ಲಿ ಹೇಳಲು ಮನಸ್ಸಾಗಲಿಲ್ಲ. ಸಿಗ್ನಲ್‌ನಲ್ಲಿ ಪಕ್ಕದ ಕಾರಿನವರು ಕೆಎ ನೋಡಿ ಗಾಜು ಇಳಿಸಿ “ಯಾವ ಊರ್ರೀ ನಿಮ್ದು?” ಎಂದು ಕೇಳುತ್ತಿದ್ದದ್ದು ಆ ದಿನದಿಂದ ನಿಂತಿತು.

ಇದನ್ನು ತುಂಬಿಕೊಳ್ಳಲು ಹಲವರು ನಂಬರ್ ಪ್ಲೇಟಿನ ಅಂಚಿಗೇ ಹಳದಿ-ಕೆಂಪು ಪಟ್ಟಿ ಹಚ್ಚುತ್ತಾರೆ, ಕೆಲವರು ಅಂಕಿಗಳನ್ನು ಕನ್ನಡದಲ್ಲಿ ಬರೆಸುತ್ತಾರೆ. ಪ್ರೀತಿ ಅರ್ಥವಾಗುತ್ತದೆ, ಆದರೆ ಅದು ಅದಕ್ಕೆ ಜಾಗವಲ್ಲ. ಪ್ಲೇಟಿನ ಅಕ್ಷರ, ಅಂಕಿ ಎರಡಕ್ಕೂ ನಿಯಮದಲ್ಲಿ ಅಳತೆ ಇದೆ, ಕಾರಿಗಾದರೆ 65 ಮಿಲಿಮೀಟರ್ ಎತ್ತರ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ಪ್ಲೇಟ್ ಕಡ್ಡಾಯ. ಅದನ್ನು ಒಮ್ಮೆ ಕೂರಿಸಿದರೆ ಬಿಚ್ಚಲಾಗದ ಬೀಗವಿರುತ್ತದೆ, ಬಿಚ್ಚಲು ಹೋದರೆ ಮುರಿಯುತ್ತದೆ. ಅದರ ಮೇಲೆ ಏನನ್ನೂ ಅಂಟಿಸುವಂತಿಲ್ಲ. ಡಿಕ್ಕಿ ಹೊಡೆದು ಓಡಿಹೋದವನ ನಂಬರ್ ಓದಬೇಕಾದ ಮರಾಠಿಯವನಿಗೆ ಕನ್ನಡದ ೪, ೮ ಗುರುತು ಹತ್ತುವುದಿಲ್ಲ. ಗಾಯಗೊಂಡವರು ನಾವೇ ಆಗಿದ್ದು, ಎದುರಿನ ಪ್ಲೇಟಿನಲ್ಲಿ ನಮಗೆ ಬಾರದ ಲಿಪಿ ಇದ್ದರೆ ಹೇಗೆಂದು ಯೋಚಿಸಿ ನೋಡಿ.

ಹಾಗಂತ ಕನ್ನಡ ಅಂಟಿಸಬೇಡಿ ಎಂದು ಹೇಳುತ್ತಿಲ್ಲ. ನನ್ನ ಕಾರಿನ ಹಿಂಬಾಗಿಲಿನ ಕೆಳಗೆ, ಎಡಗಡೆ, ಪ್ಲೇಟಿನಿಂದ ದೂರಕ್ಕೆ “ಹಾವೇರಿ” ಎಂಬ ಮೂರಕ್ಷರ ಇದೆ. ವಿನೈಲ್ ಹಾಳೆಯಲ್ಲಿ ಕತ್ತರಿಸಿಕೊಟ್ಟದ್ದನ್ನು ನಾನೇ ಅಂಟಿಸಿದೆ. ಗಡಿಯಲ್ಲಿ ಗಲಾಟೆಯಾಗಿ ಎರಡೂ ಕಡೆಯ ಬಸ್ಸುಗಳಿಗೆ ಮಸಿ ಬಳಿದ ಸುದ್ದಿ ಬಂದಾಗಲೆಲ್ಲ “ಅದನ್ನ ತೆಗದುಬಿಡೋ” ಎಂದು ಅವ್ವ ಫೋನ್ ಮಾಡುತ್ತಾಳೆ. ಇದುವರೆಗೆ ಒಬ್ಬರೂ ಏನೂ ಅಂದಿಲ್ಲ. ಬದಲಿಗೆ ಕರಾಡ್ ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ಒಬ್ಬರು ಬಂದು, ತಮ್ಮದು ಬ್ಯಾಡಗಿ ಎಂದು ಕೈ ಕುಲುಕಿ ಹೋದರು. ಚೆನ್ನೈನಲ್ಲಿರುವವರಿಗೆ ಒಂದು ಮಾತು: ಅಲ್ಲಿನ ಸಂಚಾರ ಪೊಲೀಸರು 2024ರ ಮೇ 2ರಿಂದ ಖಾಸಗಿ ವಾಹನಗಳ ಮೇಲೆ ಪ್ರೆಸ್, ಪೊಲೀಸ್, ಸರ್ಕಾರಿ ಇಲಾಖೆಗಳ ಹೆಸರಿನ ಸ್ಟಿಕ್ಕರ್‌ಗಳ ಮೇಲೆ ಕ್ರಮ ಆರಂಭಿಸಿದರು. ಊರಿನ ಹೆಸರಿಗೆ ತೊಂದರೆಯಿಲ್ಲ, ಹುದ್ದೆಯ ಹೆಸರು ಬೇಡ.

ಸ್ಟಿಕ್ಕರ್ ಅಂಟಿಸುವ ವಿಧಾನ ಹೇಳಿಬಿಡುತ್ತೇನೆ. ಜಾಗವನ್ನು ಶಾಂಪೂ ನೀರಲ್ಲಿ ತೊಳೆದು ಒಣಗಿಸಿ. ಸ್ಪ್ರೇ ಬಾಟಲಿಯಲ್ಲಿ ನೀರಿಗೆ ಎರಡು ಹನಿ ಶಾಂಪೂ ಹಾಕಿ ಸಿಂಪಡಿಸಿ. ಆ ತೇವದ ಮೇಲೆ ಸ್ಟಿಕ್ಕರ್ ಇಟ್ಟರೆ ಜಾರಿಸಿ ಸರಿಪಡಿಸಲು ಸಮಯ ಸಿಗುತ್ತದೆ. ನಂತರ ಹಳೆಯ ಎಟಿಎಂ ಕಾರ್ಡಿಗೆ ಬಟ್ಟೆ ಸುತ್ತಿ ಮಧ್ಯದಿಂದ ಅಂಚಿಗೆ ನೀರು ತಳ್ಳಿ. ತೆಗೆಯುವಾಗ ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿದರೆ ಬಣ್ಣ ಕೀಳದೆ ಬರುತ್ತದೆ. ಆದರೆ ಇಡೀ ಕಾರಿಗೆ ವಿನೈಲ್ ಸುತ್ತಿ ಬಣ್ಣವನ್ನೇ ಬದಲಿಸುವುದು ಬೇರೆ ಮಾತು. ಆರ್‌ಸಿಯಲ್ಲಿ ಬರೆದ ಬಣ್ಣವೇ ಕಾರಿನ ಮೇಲೆ ಇರಬೇಕು. ಬದಲಿಸುವುದಾದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ತಿದ್ದಿಸಿ. ವಿಮೆ ಕಂಪನಿಗೂ ತಿಳಿಸಿ, ಇಲ್ಲದಿದ್ದರೆ ಕ್ಲೇಮ್ ಹೊತ್ತಿಗೆ ತಕರಾರು ಶುರುವಾಗುತ್ತದೆ.

ಈಗ ನನ್ನ ಮೂಲ ಸಮಸ್ಯೆಗೆ ಬರುತ್ತೇನೆ. ರಾತ್ರಿ ರಸ್ತೆ ಕಾಣುತ್ತಿರಲಿಲ್ಲವಲ್ಲ? ಕಾರಣ ಬಲ್ಬ್ ಆಗಿರಲೇ ಇಲ್ಲ. ಹೆಡ್‌ಲೈಟಿನ ಮುಂಭಾಗ ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಬಿಸಿಲಿಗೆ ಅದರ ಮೇಲಿನ ರಕ್ಷಣಾ ಪದರ ಹಾಳಾಗಿ ಹಳದಿಗಟ್ಟುತ್ತದೆ. ಕಣ್ಣಿಗೆ ಪೊರೆ ಬಂದಂತೆ. ಪೊರೆ ತೆಗೆಯುವುದು ಬಿಟ್ಟು ನಾನು ಒಳಗಿನ ದೀಪ ಜೋರು ಮಾಡಲು ಹೋಗಿದ್ದೆ.

ಈ ಪೊರೆಯನ್ನು ಮನೆಯಲ್ಲೇ ತೆಗೆಯಬಹುದು. ಸುತ್ತಲಿನ ಬಣ್ಣಕ್ಕೆ ಮಾಸ್ಕಿಂಗ್ ಟೇಪ್ ಹಚ್ಚಿ. ನೀರಲ್ಲಿ ನೆನೆಸಿದ ಉಜ್ಜುಕಾಗದದಿಂದ, ಮೊದಲು 800 ನಂಬರ್, ಆಮೇಲೆ 1500, 2000, ಕೊನೆಗೆ 3000, ಪ್ರತಿ ಸಲ ನೀರು ಹಾಕುತ್ತ ಉಜ್ಜಿ. ಮೊದಲ ಸುತ್ತಿನಲ್ಲಿ ಇನ್ನಷ್ಟು ಮಬ್ಬಾಗಿ ಗಾಬರಿಯಾಗುತ್ತದೆ, ನಿಲ್ಲಿಸಬೇಡಿ. ಕೊನೆಗೆ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಒರೆಸಿದರೆ ತಿಳಿಯಾಗುತ್ತದೆ. ಇಲ್ಲಿಗೇ ಬಿಟ್ಟರೆ ಕೆಲವು ತಿಂಗಳಲ್ಲಿ ಮತ್ತೆ ಹಳದಿ. ಬಿಸಿಲು ತಡೆಯುವ ಯುವಿ ಕ್ಲಿಯರ್ ಕೋಟ್ ಸಿಂಪಡಿಸುವುದು ಕಡ್ಡಾಯ. ನನಗೆ ಒಂದು ಭಾನುವಾರ ಮಧ್ಯಾಹ್ನ ಹಿಡಿಯಿತು. ಹಳೆಯ ಹ್ಯಾಲೊಜೆನ್ ಬಲ್ಬಿನಲ್ಲೇ ಈಗ ಖಂಬಾಟ್ಕಿ ಘಾಟ್ ಚೆನ್ನಾಗಿ ಕಾಣುತ್ತದೆ.

ಇದರ ಜೊತೆ ಬೆಳಕಿನ ಎತ್ತರವನ್ನೂ ನೋಡಿ. ಸಮತಟ್ಟು ಜಾಗದಲ್ಲಿ ಗೋಡೆಗೆ 10 ಮೀಟರ್ ದೂರ ಕಾರು ನಿಲ್ಲಿಸಿ, ದೀಪದ ಮಧ್ಯದ ಎತ್ತರವನ್ನು ಗೋಡೆಯ ಮೇಲೆ ಗುರುತು ಮಾಡಿ. ಡಿಪ್‌ನ ಗೆರೆ ಆ ಗುರುತಿಗಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ನಿಮ್ಮ ಕಾರಿನ ನಿಖರ ಲೆಕ್ಕ ಕೈಪಿಡಿಯಲ್ಲೋ ಬಾನೆಟ್ ಒಳಗಿನ ಸ್ಟಿಕ್ಕರಿನಲ್ಲೋ ಇರುತ್ತದೆ. ಹಲವು ಕಾರುಗಳಲ್ಲಿ ಸ್ಟೀರಿಂಗ್ ಬಳಿ 0ಯಿಂದ 3ರವರೆಗೆ ಅಂಕಿಯ ಪುಟ್ಟ ಚಕ್ರವಿದೆ. ಎಷ್ಟೋ ಜನ ಅದನ್ನು ಒಮ್ಮೆಯೂ ಮುಟ್ಟಿರುವುದಿಲ್ಲ. ಊರಿಂದ ಮರಳುವಾಗ ಡಿಕ್ಕಿಯಲ್ಲಿ ಜೋಳದ ಚೀಲ, ಒಣಮೆಣಸಿನಕಾಯಿ, ರೊಟ್ಟಿ ಗಂಟು ತುಂಬಿ ಹಿಂಭಾಗ ಕುಸಿದಿರುತ್ತದೆ. ಮೂತಿ ಎತ್ತಿದ ಕಾರಿನ ಡಿಪ್ಪೂ ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಭಾರ ಹೆಚ್ಚಾದಂತೆ ಆ ಚಕ್ರದ ಅಂಕಿ ಹೆಚ್ಚಿಸಿ, ಬೆಳಕು ತಗ್ಗುತ್ತದೆ.

ಇನ್ನೂ ಮಾಡಬಹುದಾದ ಕೆಲಸ ಬೇಕಾದಷ್ಟಿವೆ. ಮಡ್‌ಫ್ಲ್ಯಾಪ್ ಹಾಕಿದರೆ ಮಳೆಯಲ್ಲಿ ಹಿಂದಿನ ಬೈಕಿನವರ ಮುಖಕ್ಕೆ ರಾಡಿ ಹಾರುವುದಿಲ್ಲ. ಇಕ್ಕಟ್ಟಿನ ಪಾರ್ಕಿಂಗ್‌ನಲ್ಲಿ ಬಾಗಿಲ ಅಂಚಿಗೆ ರಬ್ಬರ್ ಪಟ್ಟಿ ಹಾಕಿದರೆ ಪಕ್ಕದ ಕಾರಿನವರ ಜೊತೆ ಜಗಳ ತಪ್ಪುತ್ತದೆ. ಮುಂಬೈಯಂಥ ಉಪ್ಪುಗಾಳಿಯ ಊರಲ್ಲಿರುವವರು ಗೀರು ಬಿದ್ದ ಕೂಡಲೇ ಟಚ್‌ಅಪ್ ಬಣ್ಣ ಹಚ್ಚಿ, ಲೋಹ ಕಾಣುವಂತೆ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಬೂದಿಗಟ್ಟಿದ ಬಂಪರಿಗೆ ಟ್ರಿಮ್ ರಿಸ್ಟೋರರ್ ಹಚ್ಚಬಹುದು. ಕಿಟಕಿಯ ಮೇಲಿನ ರೇನ್ ವೈಸರನ್ನು ಅಂಟುಪಟ್ಟಿಯಲ್ಲಿ ಕೂರಿಸುವಾಗ ಮಾತ್ರ ತಾಳ್ಮೆ ಇರಲಿ. ಸ್ಪಿರಿಟ್‌ನಲ್ಲಿ ಒರೆಸಿ, ಚೆನ್ನಾಗಿ ಒತ್ತಿ, ಮೂರು ದಿನ ನೀರು ತಾಗಿಸಬೇಡಿ. ಒಳ್ಳೆಯ ಅಂಟು ಪೂರ್ತಿ ಹಿಡಿಯಲು 72 ಗಂಟೆ ಬೇಕು. ಸಂಜೆ ಅಂಟಿಸಿ ಮರುಬೆಳಿಗ್ಗೆ ಹೆದ್ದಾರಿಗೆ ಇಳಿದ ನನ್ನ ಮೊದಲ ವೈಸರ್ ಸಾತಾರಾ ದಾಟುವ ಮುಂಚೆಯೇ ಹಾರಿಹೋಯಿತು. ಹಿಂದೆ ಯಾವ ಬೈಕೂ ಇರಲಿಲ್ಲ ಎನ್ನುವುದು ಅದೃಷ್ಟ ಅಷ್ಟೇ.

“ಎಲ್ಲರೂ ಹಾಕಿಕೊಂಡಿದ್ದಾರೆ, ನಾನೊಬ್ಬ ಬಿಟ್ಟರೆ ಏನಾಗುತ್ತದೆ?” ಎಂದು ಆಫೀಸಿನಲ್ಲಿ ಗೆಳೆಯರು ಕೇಳುತ್ತಾರೆ. ಎದುರಿನವನು ನನ್ನ ಕಣ್ಣು ಕುಕ್ಕಿದರೆ ನಾನೂ ಅವನಿಗಿಂತ ಜೋರು ಹಾಕಬೇಕಾಗುತ್ತದೆ ಎನ್ನುವ ವಾದ ಪೂರ್ತಿ ಸುಳ್ಳಲ್ಲ. ಆದರೆ ಈ ಪೈಪೋಟಿಯಲ್ಲಿ ಸೋಲುವವರು ಕಾರಿನವರಲ್ಲ. ಮೊಪೆಡ್, ಸೈಕಲ್, ಎತ್ತಿನಗಾಡಿ, ರಸ್ತೆಯಂಚಿನಲ್ಲಿ ನಡೆದು ಹೋಗುವವರು. ಅವರ ಹತ್ತಿರ ಜೋರಾದ ದೀಪವಿಲ್ಲ.

ಸರ್ಕಾರದ ಪಾಲೂ ಇದೆ. ಹಾಕಿದವನಿಗೆ 5,000 ದಂಡ, ಮಾರುವವನ ಅಂಗಡಿ ಆರ್‌ಟಿಒ ಕಚೇರಿಯ ಎದುರಿಗೇ. ಬುಲ್ ಗಾರ್ಡ್, ಕಪ್ಪು ಫಿಲ್ಮ್ ಎಲ್ಲವೂ ರಾಜಾರೋಷವಾಗಿ ಸಿಗುತ್ತವೆ. ಯಾವುದಕ್ಕೆ ಅನುಮತಿ ಬೇಕು, ಯಾವುದಕ್ಕೆ ಬೇಡ ಎಂಬ ಒಂದು ಪುಟದ ಪಟ್ಟಿ ಸ್ಥಳೀಯ ಭಾಷೆಯಲ್ಲಿ ಅಂಗಡಿಯಲ್ಲೇ ತೂಗಿದ್ದರೆ ನನ್ನಂಥ ಎಷ್ಟೋ ಜನ ತಪ್ಪುತ್ತಿರಲಿಲ್ಲ. ಇನ್ನೊಂದು ಸಲಹೆ ಇನ್ನೂ ಸುಲಭದ್ದು. ಪ್ರತಿ ಕಾರೂ ಎಮಿಷನ್ ಟೆಸ್ಟಿಗೆ ಹೋಗಲೇಬೇಕು, ಬಿಎಸ್-4ರ ನಂತರದವು ವರ್ಷಕ್ಕೊಮ್ಮೆ. ಹೊಗೆ ಅಳೆಯುವ ಅದೇ ಐದು ನಿಮಿಷದಲ್ಲಿ ಎದುರಿನ ಫಲಕದ ಮೇಲೆ ಡಿಪ್‌ನ ಗೆರೆ ಎಲ್ಲಿ ಬೀಳುತ್ತದೆಂದು ನೋಡಿ, ಸರಿಯಿಲ್ಲದಿದ್ದರೆ ಚೀಟಿ ಕೊಡಬಾರದೇಕೆ? ನನ್ನ ಕಾರಿನ ಹೊಗೆ ಎಷ್ಟೆಂದು ಇದುವರೆಗೆ ಹಲವು ಸಲ ಅಳೆದಿದ್ದಾರೆ. ಬೆಳಕನ್ನು ಯಾರೂ ಒಮ್ಮೆಯೂ ಅಳೆದಿಲ್ಲ.

ಕಳೆದ ಸಲ ಊರಿಗೆ ಹೋದಾಗ ಮಾವ ತಮ್ಮ ಮೊಪೆಡ್ ಹೊರಗೆ ತಂದು ನಿಲ್ಲಿಸಿದರು. “ಹಾವೇರ್ಯಾಗ ಇದಕ್ಕೂ ಬಿಳಿ ಲೈಟ್ ಹಾಕಿಕೊಡ್ತಾರಂತ. ಎಲ್ಲಾರೂ ಕಣ್ಣಿಗೇ ಹೊಡಿತಾರ, ನಂದೂ ಒಂದು ಇರಲಿ. ನೀ ಅಂತೂ ಇದರಾಗ ಶಾಣ್ಯಾ ಇದ್ದಿ, ಹಾಕು” ಎಂದರು.

ನಾನು ಹಾಕಲಿಲ್ಲ. ಏಕೆಂದು ಹೇಳಿದೆ, ಅವರಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಪುಣೆಯಿಂದ ತಂದಿದ್ದ ಹೊಳೆಯುವ ಪಟ್ಟಿ, ಹಿಂದೆ ಕೆಂಪು, ಮುಂದೆ ಬಿಳಿ, ಗಾಡಿಗೆ ಅಂಟಿಸಿಕೊಟ್ಟೆ. ಮಬ್ಬಾಗಿದ್ದ ಅದರ ದೀಪವನ್ನೂ ಉಜ್ಜಿ ತಿಳಿ ಮಾಡಿದೆ. ಸಂಜೆ ಅವರು ಒಂದು ಸುತ್ತು ಹೋಗಿ ಬಂದು, “ಪರವಾಗಿಲ್ಲ, ಕಾಣತೈತಿ” ಎಂದರು. ಗಾಡಿ ನಿಲ್ಲಿಸುವಾಗ ಎಡಗೈಯಿಂದ ಹ್ಯಾಂಡಲ್ ಎಳೆಯಲು ಅವರಿಗೆ ಇನ್ನೂ ಸ್ವಲ್ಪ ಕಷ್ಟವಾಗುತ್ತದೆ.

(ಲೇಖಕರು ಪುಣೆ ಸಮೀಪದ ಚಾಕಣ್‌ನಲ್ಲಿ ಗುಣಮಟ್ಟ ವಿಭಾಗದ ಎಂಜಿನಿಯರ್)